ಕಡಂಗ ಎಷ್ಟು ಆಳ? ರೋಲ್‌ಪ್ಲೇಯಿಂಗ್ ಆಟದಲ್ಲಿ ಐದು ತಲೆಗಳ ಕಲ್ಪನೆ ಹೊಂದಿಸುವ ಬಗೆ

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟ ಶುರು ಮಾಡಿದವರು ಎರಡು ಮೂರು ಕೂಟ ಕಳೆಯುವಷ್ಟರಲ್ಲಿ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ನಾನು ಹೇಳಿದ್ದೊಂದು, ಅವರು ಅಂದುಕೊಂಡದ್ದೊಂದು. ಕೊನೆಗೆ ಜಗಳ. ಏನು ಮಾಡಲಿ?"

ಕೊಡಗಿನಲ್ಲಿ ಕೂತು ಕೊಡಗಿನದ್ದೇ ಕಥೆ ಆಡುವವರಿಗೆ ಈ ತೊಂದರೆ ಇನ್ನೂ ಜಾಸ್ತಿ. ಯಾರೂ ಕಂಡಿರದ ಡ್ರ್ಯಾಗನ್ ಗುಹೆಯನ್ನು ವರ್ಣಿಸಿದರೆ ಎಲ್ಲರೂ ಕಿವಿಗೊಟ್ಟು ಕೇಳುತ್ತಾರೆ. "ಐನ್‌ಮನೆ" (ಕೊಡವ ಕುಟುಂಬದ ಹಿರಿಯರ ಮೂಲಮನೆ) ಅಂದು ನೋಡಿ, ಕೇಳುವುದು ಅಲ್ಲಿಗೇ ನಿಂತಿತು. ಪ್ರತಿಯೊಬ್ಬರ ತಲೆಯಲ್ಲೂ ಅವರವರು ಕಂಡ ಐನ್‌ಮನೆ ಬಂದು ಕೂತಿರುತ್ತದೆ. ಮಳೆಯೂ ಹಾಗೆಯೇ. ಭಾಗಮಂಡಲದವರ ಮಳೆ ಬೇರೆ, ಕುಶಾಲನಗರದವರ ಮಳೆ ಬೇರೆ.

ಹೊಸಬರಿಗೆ ಎರಡು ಮಾತು. ಈ ಆಟದಲ್ಲಿ ಒಬ್ಬರು ಗೇಮ್ ಮಾಸ್ಟರ್, ಅಂದರೆ ಲೋಕವನ್ನು ವರ್ಣಿಸಿ ಆಟ ನಡೆಸುವವರು. ಉಳಿದವರು ತಲಾ ಒಂದು ಪಾತ್ರ ವಹಿಸಿ, ಆ ಪಾತ್ರ ಏನು ಮಾಡುತ್ತದೆ ಎಂದು ಬಾಯಲ್ಲಿ ಹೇಳುತ್ತಾರೆ. ಆಗುತ್ತೋ ಇಲ್ಲವೋ ಅನುಮಾನವಿದ್ದಲ್ಲಿ ದಾಳ ಹಾಕುತ್ತಾರೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನಸನ್ ಹೊರತಂದ 'ಡಂಜನ್ಸ್ ಅಂಡ್ ಡ್ರಾಗನ್ಸ್' ಈ ಬಗೆಯ ಆಟಗಳಲ್ಲಿ ಮೊದಲು ಪ್ರಕಟವಾದದ್ದು. ಕೆಳಗಿನ ಲೆಕ್ಕಗಳೆಲ್ಲ ಅದರ 2014ರ ಐದನೇ ಆವೃತ್ತಿಯವು. ಬೇರೆ ಆಟ ಆಡುವವರು ಅಂಕಿ ಬದಲಿಸಿಕೊಳ್ಳಿ, ಕ್ರಮ ಬದಲಾಗುವುದಿಲ್ಲ.

ಐವರಿಗೂ ಒಂದೇ ಚಿತ್ರ ಕಾಣಿಸಬೇಕೆಂದು ಹಟ ಹಿಡಿಯಬೇಡಿ, ಅದು ಆಗುವ ಮಾತೂ ಅಲ್ಲ. ದೂರ, ಎತ್ತರ, ಬೆಳಕು, ಬರಹೋಗುವ ದಾರಿ, ಎದುರಿಗೆ ಯಾರು ಎಷ್ಟು ಜನ: ಈ ಐದರ ಲೆಕ್ಕ ಎಲ್ಲರಿಗೂ ಒಂದೇ ಇದ್ದರೆ ಸಾಕು. ಹೆಂಚಿನ ಬಣ್ಣ, ಕಾವಲುಗಾರನ ಮೀಸೆ, ಹೂವಿನ ವಾಸನೆ ಒಬ್ಬೊಬ್ಬರಿಗೆ ಒಂದೊಂದು ಥರ ಇರಲಿ ಬಿಡಿ.

ಬೇಕಾದ ಸಾಮಾನು

ಆಟಗಾರರು ನಾಲ್ವರು, ಗೇಮ್ ಮಾಸ್ಟರ್ ಒಬ್ಬರು. ಆರೇಳು ಆಟಗಾರರಾದರೆ ಕೆಳಗೆ ಹೇಳಿದ ಕೆಲಸಗಳಿಗೆ ಸಮಯ ಸಾಲದು. ಮಕ್ಕಳು ಲೆಕ್ಕಕ್ಕೆ ಬಳಸುವ ಚೌಕುಳಿ ಪುಸ್ತಕ ಒಂದು, ಪೆನ್ಸಿಲ್, ರಬ್ಬರ್. ಐದು ಎ4 ಹಾಳೆಯನ್ನು ನಾಲ್ಕು ನಾಲ್ಕು ತುಂಡು ಮಾಡಿದರೆ 20 ಕಾರ್ಡ್ ಆಯಿತು. ನಕ್ಷೆಯ ಮೇಲೆ ಆಳು ತೋರಿಸಲು ಕಾಫಿ ಬೀಜ ಚೆನ್ನ, ಚಪ್ಪಟೆ ಮಗ್ಗುಲು ಕೆಳಗಿಟ್ಟರೆ ಅಲುಗುವುದಿಲ್ಲ. ಪೀಬೆರಿ ಬೇಡ, ಗುಂಡಗಿರುತ್ತದೆ. ಕರಿಮೆಣಸಂತೂ ಬೇಡವೇ ಬೇಡ. ಪಕ್ಕದಲ್ಲಿ ದಾಳ ಬಿದ್ದರೆ ಅರ್ಧ ಸೈನ್ಯ ಮೇಜಿನ ಕೆಳಗೆ. ಮಳೆಗಾಲದಲ್ಲಿ ಆಡುವುದಾದರೆ ಚಾರ್ಜ್ ಮಾಡಿದ ಎಮರ್ಜೆನ್ಸಿ ಲೈಟ್ ಒಂದು ಹತ್ತಿರವಿರಲಿ.

ಹಂತ 1: ದಾಳವಿಲ್ಲದ ಮೊದಲ ಕೂಟ

ಇದಕ್ಕೆ ಸೆಷನ್ ಜೀರೋ ಎನ್ನುತ್ತಾರೆ: ಕಥೆ ಶುರುವಾಗುವ ಮುಂಚೆ ಎಲ್ಲರೂ ಕೂತು ಲೋಕದ ಕಟ್ಟುಪಾಡು ಮಾತಾಡಿಕೊಳ್ಳುವ ಕೂಟ. ಒಂದೂವರೆ ಗಂಟೆ ಇಟ್ಟುಕೊಳ್ಳಿ.

ಮೊದಲು ಇಸವಿ ಗೊತ್ತುಮಾಡಿ. "ಹಳೆಯ ಕಾಲದ ಕೊಡಗು" ಅಂದರೆ ಸಾಲದು. 1830 ಅಂದರೆ ಹಾಲೇರಿ ಅರಸರ ಕಾಲ. ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡದ್ದು 1834ರಲ್ಲಿ. ಯುರೋಪಿಯನ್ ಪ್ಲಾಂಟರ್‌ಗಳ ದೊಡ್ಡ ತೋಟಗಳು ಬಂದದ್ದು 1850ರ ದಶಕದಿಂದ ಈಚೆಗೆ. ಹಾಗಾಗಿ 1830ರ ಕಥೆಯಲ್ಲಿ ಎಸ್ಟೇಟ್ ಬಂಗಲೆ ಇಲ್ಲ, ತೋಟದ ಕೂಲಿಯವರ ಲೈನ್‌ಮನೆ ಇಲ್ಲ, ಸಾಲು ಸಾಲು ಸಿಲ್ವರ್ ಓಕ್ ಇಲ್ಲ. ಇದನ್ನು ಬಾಯಿಬಿಟ್ಟು ಹೇಳದೆ ಹೋದರೆ ನಾಲ್ವರಲ್ಲಿ ಮೂವರ ಪಾತ್ರಗಳು ಸಿಲ್ವರ್ ಓಕ್ ಮರದ ಹಿಂದೆ ಅಡಗಿ ಕೂರುತ್ತವೆ.

ಎರಡನೆಯದು ಆಯುಧ. ಇಲ್ಲಿಯವರಿಗೆ ಮನೆಯ ಗೋಡೆಯ ಮೇಲೆ ಕೋವಿ ಇರುವುದು ಸಹಜ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೂ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಉಂಟಲ್ಲವೇ. ಮೈಸೂರಿನಿಂದಲೋ ಮಂಗಳೂರಿನಿಂದಲೋ ಬಂದು ಆಡುವ ಗೆಳೆಯನ ತಲೆಯಲ್ಲಿ ಆ ಗೋಡೆ ಖಾಲಿ. ಕೋವಿ ಇದೆಯೇ, ಯಾವ ಕಾಲದ್ದು, ಒಮ್ಮೆ ಹೊಡೆದ ಮೇಲೆ ಮತ್ತೆ ತುಂಬಲು ಎಷ್ಟು ಸರದಿ ಬೇಕು, ಇದನ್ನು ಕಾರ್ಡ್‌ನಲ್ಲಿ ಬರೆದಿಡಿ.

ಮೂರನೆಯದು ಸ್ವಲ್ಪ ನಾಜೂಕು. ದೈವ, ಗುರುಕಾರಣ (ಕುಟುಂಬದ ಮೂಲಪುರುಷ), ಕೈಮಡ (ಹಿರಿಯರನ್ನು ಪೂಜಿಸುವ ಗುಡಿ), ದೇವರಕಾಡು ಕಥೆಯಲ್ಲಿ ಬರುತ್ತವೆಯೇ? ಬಂದರೆ ಬರೀ ಹಿನ್ನೆಲೆಯಾಗಿಯೋ, ದಾಳ ಹಾಕಿ ಗೆಲ್ಲುವ ಶಕ್ತಿಗಳಾಗಿಯೋ? ನಿಮಗೆ ಅದು ಕಥೆಯ ಸಾಮಗ್ರಿ, ಪಕ್ಕದಲ್ಲಿ ಕೂತವರು ಅದೇ ಕೈಮಡದಲ್ಲಿ ದೀಪ ಇಡುವವರಾಗಿರಬಹುದು. ನಿಜವಾದ ಮನೆಹೆಸರುಗಳನ್ನು ಖಳರಿಗೆ ಇಡಲೇಬೇಡಿ. ಕೊಡಗು ಸಣ್ಣ ಜಿಲ್ಲೆ, ಯಾರಾದರೊಬ್ಬರ ನೆಂಟರು ಆಗೇ ಆಗುತ್ತಾರೆ.

ಇದೇ ಕೂಟದಲ್ಲಿ ಗೆರೆ ಮತ್ತು ಪರದೆ ಗೊತ್ತುಮಾಡಿ. ಗೆರೆ ಅಂದರೆ ಕಥೆಯಲ್ಲಿ ಬರಲೇಬಾರದ ವಿಷಯ. ಪರದೆ ಅಂದರೆ ನಡೆಯಬಹುದು, ಆದರೆ ವರ್ಣನೆ ಬೇಡ, "ಮರುದಿನ ಬೆಳಿಗ್ಗೆ" ಎಂದು ದಾಟಿಬಿಡುವುದು. ಒಬ್ಬರು ಹಾಸ್ಯದ ಕಥೆ ಎಂದುಕೊಂಡು, ಇನ್ನೊಬ್ಬರು ರಕ್ತಪಾತದ ಕಥೆ ಎಂದುಕೊಂಡು ಕೂತಿದ್ದರೆ ಅದು ಬಯಲಾಗುವುದೂ ಇಲ್ಲೇ.

ಹಂತ 2: ಹೇಳುವ ಕ್ರಮ

ಜಗಳದಲ್ಲಿ ಮುಗಿಯುವ ವರ್ಣನೆ ಸಾಮಾನ್ಯವಾಗಿ ಹೀಗಿರುತ್ತದೆ:

"ಸಂಜೆಯಾಗಿದೆ. ಕಾಡಿನ ಹಾದಿಯಲ್ಲಿ ಮಂಜು ಮುಸುಕಿದೆ. ಎದುರಿಗೆ ಭಯಂಕರವಾದ ಕಡಂಗ. ಆಚೆ ಕಾವಲುಗಾರರಿದ್ದಾರೆ."

ಕಡಂಗ ಅಂದರೆ ಹಿಂದಿನ ಕಾಲದಲ್ಲಿ ಗಡಿಗೂ ಯುದ್ಧಕ್ಕೂ ಎಂದು ತೋಡಿದ ಕಂದಕ. ತೋಡಿದ ಮಣ್ಣು ಅಂಚಿನಲ್ಲಿ ದಿಬ್ಬವಾಗಿರುತ್ತದೆ. ಮೇಲಿನ ನಾಲ್ಕು ವಾಕ್ಯ ಕೇಳಿದವರಲ್ಲಿ ಒಬ್ಬನಿಗೆ ತಮ್ಮ ತೋಟದ ಬದಿಯ, ಒಂದೇ ನೆಗೆತಕ್ಕೆ ದಾಟುವ ಹಳ್ಳ ಕಾಣುತ್ತದೆ. ಇನ್ನೊಬ್ಬಳಿಗೆ ಕೋಟೆ ಸುತ್ತ ನೀರು ತುಂಬಿದ ಅಗಳು. ಮತ್ತೊಬ್ಬನಿಗೆ ಅರಣ್ಯ ಇಲಾಖೆಯವರು ಆನೆ ತಡೆಯಲು ತೋಡಿಸುವ ಕಂದಕ. "ಭಯಂಕರ" ಎಂಬ ಮಾತಿನಿಂದ ಅಗಲವೂ ಗೊತ್ತಾಗಲಿಲ್ಲ, ಆಳವೂ ಗೊತ್ತಾಗಲಿಲ್ಲ.

ಅದನ್ನೇ ಹೀಗೆ ಹೇಳಿ:

"ನೀವು ನಿಂತಿರುವುದು ಕಡಂಗದ ಅಂಚಿನಲ್ಲಿ. ಅಗಲ 12 ಅಡಿ, ಆಳ 15 ಅಡಿ. ಕೆಳಗೆ ನೀರಿಲ್ಲ, ಜರಿಗಿಡ ಬೆಳೆದಿದೆ. ಎಡಕ್ಕೆ 40 ಅಡಿ ದೂರದಲ್ಲಿ ಮರವೊಂದು ಅಡ್ಡ ಬಿದ್ದಿದೆ. ಬಲಕ್ಕೆ ಹಾದಿ ಇಳಿದು ಗದ್ದೆ ಸೇರುತ್ತದೆ. ಮಂಜಿನಲ್ಲಿ 60 ಅಡಿ ಆಚೆ ಏನೂ ಕಾಣಿಸದು. ಒದ್ದೆ ಮಣ್ಣಿನ ವಾಸನೆ. ಆಚೆ ದಡದಲ್ಲಿ ಮೂವರು, ಒಬ್ಬನ ಕೈಯಲ್ಲಿ ಕೋವಿ. ನಿಮ್ಮನ್ನು ಇನ್ನೂ ನೋಡಿಲ್ಲ."

ಮೊದಲು ನಿಂತ ಜಾಗ ಮತ್ತು ಅಳತೆ, ಆಮೇಲೆ ದಾರಿಗಳು, ಆಮೇಲೆ ಎಷ್ಟು ದೂರ ಕಾಣುತ್ತದೆ, ಒಂದೇ ಒಂದು ವಾಸನೆ ಅಥವಾ ಸದ್ದು, ಕಟ್ಟಕಡೆಗೆ ಅಪಾಯ. ಅಪಾಯವನ್ನು ಮೊದಲು ಹೇಳಿದಿರೋ ಕೆಟ್ಟಿತು: "ಕೋವಿ" ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಎಲ್ಲರೂ ತಮ್ಮ ಕತ್ತಿಯ ಲೆಕ್ಕ ನೋಡತೊಡಗುತ್ತಾರೆ, ಬಿದ್ದ ಮರದ ಸುದ್ದಿ ಯಾರಿಗೂ ಕೇಳಿಸುವುದಿಲ್ಲ. ಎಲ್ಲ ಸೇರಿ ಮುಕ್ಕಾಲು ನಿಮಿಷ ಮೀರದಿರಲಿ.

ಹಂತ 3: ಅಡಿಯ ಲೆಕ್ಕಕ್ಕೆ ಕಣ್ಣಳತೆ

"60 ಅಡಿ" ಎಂದರೆ ಹೆಚ್ಚಿನವರಿಗೆ ಅದು ಬರೀ ಅಂಕಿ. ಕೊಡಗಿನವರಿಗೆ ಸುಲಭದ ಅಳತೆಗೋಲು ಕೈಯಲ್ಲೇ ಇದೆ: ಹಾಕಿ ಮೈದಾನ. ಉದ್ದ 100 ಗಜ, ಅಂದರೆ 300 ಅಡಿ. ಅಗಲ 60 ಗಜ, 180 ಅಡಿ. ಆಟದ ಅಂಕಿಗಳು ಇದಕ್ಕೆ ಅಚ್ಚರಿಯಾಗುವಷ್ಟು ಚೆನ್ನಾಗಿ ಹೊಂದುತ್ತವೆ.

ಗೋಲ್‌ಪೋಸ್ಟ್‌ನ ಅಗಲ 12 ಅಡಿ, ನಮ್ಮ ಕಡಂಗದಷ್ಟೇ. ಗೋಲ್ ಗೆರೆಯಿಂದ ಪೆನಾಲ್ಟಿ ಸ್ಪಾಟ್ 21 ಅಡಿ. ಪಂಜಿನ ಬೆಳಕು ಚೆನ್ನಾಗಿ ಬೀಳುವುದು 20 ಅಡಿ, ಆಮೇಲೆ ಇನ್ನೊಂದು 20 ಅಡಿ ಮಬ್ಬು. ಅಂದರೆ ಗೋಲಿನಲ್ಲಿ ಪಂಜು ಹಿಡಿದು ನಿಂತರೆ 48 ಅಡಿ ದೂರದ ಡಿ ಗೆರೆಯ (ಗೋಲಿನ ಮುಂದಿನ ಬಾಗಿದ ಗೆರೆ) ಮೇಲಿನವನು ಕತ್ತಲಲ್ಲೇ ಇರುತ್ತಾನೆ, ಆದರೆ ಅವನಿಗೆ ನೀವು ನಿಚ್ಚಳವಾಗಿ ಕಾಣುತ್ತೀರಿ. ಸಣ್ಣ ಬಿಲ್ಲಿನ ಸಲೀಸು ಗುರಿ 80 ಅಡಿ, 23 ಮೀಟರ್ ಗೆರೆಗಿಂತ ಚೂರು ಆಚೆ. ಉದ್ದ ಬಿಲ್ಲಿನದು 150 ಅಡಿ, ಸರಿಯಾಗಿ ಅರ್ಧ ಮೈದಾನ. ಸಾಮಾನ್ಯ ಪಾತ್ರ ಒಂದು ಸರದಿಯಲ್ಲಿ, ಅಂದರೆ 6 ಸೆಕೆಂಡಿನಲ್ಲಿ, 30 ಅಡಿ ನಡೆಯುತ್ತದೆ. ಮೈದಾನದ ಈ ತುದಿಯಿಂದ ಆ ತುದಿಗೆ ಓಡದೆ ನಡೆದರೆ ಹತ್ತು ಸರದಿ. ಇದನ್ನು ಒಮ್ಮೆ ಎಲ್ಲರಿಗೂ ಹೇಳಿಬಿಟ್ಟರೆ "ಅವನು ಡಿ ಗೆರೆಯಷ್ಟು ದೂರ" ಎಂದರೆ ಸಾಕಾಗುತ್ತದೆ.

ಚಿಕ್ಕ ಅಳತೆಗೆ ಮಾರು ಬಳಸಿ. ಎರಡೂ ಕೈ ಚಾಚಿದ ಉದ್ದ, ಹತ್ತಿರ ಹತ್ತಿರ 6 ಅಡಿ.

ಎಚ್ಚರವಿರಬೇಕಾದದ್ದು ಒಂದಿದೆ. ಮೈದಾನ ಬಯಲು, ಕಾಫಿ ತೋಟ ಬಯಲಲ್ಲ. ಈಗಿನ ಕಾಲದ ಕಥೆಯಾಗಿದ್ದು ತೋಟದೊಳಗೆ ನಡೆಯುವುದಾದರೆ ಗಿಡ ಯಾವುದೆಂದು ಹೇಳಿ. ಅರೇಬಿಕಾ ಗಿಡದ ತಲೆ ಕತ್ತರಿಸಿ ಸಾಮಾನ್ಯವಾಗಿ 5 ಅಡಿಯ ಆಸುಪಾಸಿನಲ್ಲಿ ನಿಲ್ಲಿಸಿರುತ್ತಾರೆ. ನಿಂತವನಿಗೆ ಗಿಡಗಳ ಮೇಲಿನಿಂದ ದೂರ ಕಾಣುತ್ತದೆ, ಕುಕ್ಕರುಗಾಲಲ್ಲಿ ಕೂತವನು ಯಾರ ಕಣ್ಣಿಗೂ ಬೀಳುವುದಿಲ್ಲ. ರೊಬಸ್ಟಾ ಪೊದೆ ದೊಡ್ಡದು, ನಿಂತರೂ ಕಣ್ಣಿಗೆ ಅಡ್ಡ. ತೋಟದವರಿಗೆ ಇದು ಹೇಳದೆಯೇ ಗೊತ್ತು, ಪೇಟೆಯ ಆಟಗಾರನಿಗೆ ಎರಡೂ "ಕಾಫಿ ಗಿಡ". ಬಿಲ್ಲು ಹಿಡಿದವನು ಅವನೇ ಆಗಿದ್ದರೆ ರಗಳೆ ಗ್ಯಾರಂಟಿ.

ಹಂತ 4: ತಿರುಗಿ ಕೇಳುವುದು

ಪ್ರಾಣಾಪಾಯವೋ ದೊಡ್ಡ ನಿರ್ಧಾರವೋ ಇರುವ ಸನ್ನಿವೇಶದಲ್ಲಿ ಮಾತ್ರ, ವರ್ಣನೆ ಮುಗಿದ ಕೂಡಲೇ ಪ್ರತಿಯೊಬ್ಬರಿಂದ ಒಂದೊಂದು ವಾಕ್ಯ ಕೇಳಿ: "ನಿಮ್ಮ ಕಣ್ಣಿಗೆ ಮೊದಲು ಬಿದ್ದದ್ದೇನು?" ಸಂತೆಗೆ ಹೋಗಿ ಅಕ್ಕಿ ಕೊಳ್ಳುವ ಸನ್ನಿವೇಶಕ್ಕೆಲ್ಲ ಇದನ್ನು ಮಾಡಿದರೆ ಬೇಜಾರು ಹಿಡಿಯುತ್ತದೆ.

ಕಡಂಗದ ಅಂಚಿನಲ್ಲಿ ನಿಂತ ನಾಲ್ವರು ಹೀಗೆ ಹೇಳಿದರು ಎನ್ನಿ.

ಬೇಟೆಗಾರ: "ಬಿದ್ದ ಮರದ ಸಿಪ್ಪೆ ಸುಲಿದುಹೋಗಿದೆ." ನೀವು ಅದನ್ನು ಹೇಳಿರಲಿಲ್ಲ. ಆದರೂ ಅದರಿಂದ ನಷ್ಟವಿಲ್ಲ, ಒಪ್ಪಿಕೊಳ್ಳಿ. ಆದರೆ ಒಪ್ಪಿದ ಮೇಲೆ ಅದು ಎಲ್ಲರಿಗೂ ನಿಜ: ಮಳೆಯಲ್ಲಿ ಸಿಪ್ಪೆ ಇಲ್ಲದ ಮರ ಜಾರುತ್ತದೆ, ದಾಟುವಾಗ ದಾಳ ಹಾಕಬೇಕಾಗುತ್ತದೆ.

ವೈದ್ಯೆ: "ಮೂವರೂ ಬೆಂಕಿ ಕಾಯಿಸುತ್ತ ಕೂತಿದ್ದಾರೆ." ಇದನ್ನು ಹಾಗೇ ಬಿಡಬೇಡಿ. ಬೆಂಕಿ ಇದ್ದರೆ ಬೆಳಕಿನ ಲೆಕ್ಕ ಬದಲು, ಕೂತಿದ್ದರೆ ಏಳುವುದಕ್ಕೆ ಹೊತ್ತು ಬೇಕು. ಬೆಂಕಿ ಉಂಟೋ ಇಲ್ಲವೋ, ಆಗಿಂದಾಗಲೇ ತೀರ್ಮಾನ ಹೇಳಿ.

ಓಲೆಕಾರ: "ಕಡಂಗದೊಳಗೇ ಇಳಿದು ಗದ್ದೆಯ ತನಕ ನಡೆದು ಹೋಗಬಹುದು." ನಿಮಗೆ ಹೊಳೆದೇ ಇರದ ದಾರಿ. ಒಪ್ಪದಿರಲು ಗಟ್ಟಿ ಕಾರಣವಿಲ್ಲದಿದ್ದರೆ ಒಪ್ಪಿ. ಅರ್ಧ ಆಟದ ಸೊಗಸು ಇರುವುದೇ ಇಂಥಲ್ಲಿ.

ಭಟ: "ಹೂಂ, ಎಲ್ಲ ಗೊತ್ತಾಯ್ತು." ನಾಲ್ವರಲ್ಲಿ ಹೆಚ್ಚು ಅಪಾಯಕಾರಿ ಈತನೇ. ಅವನನ್ನು ಬಿಡಬೇಡಿ. "ಯಾವ ಕಡೆ ಮುಖ ಮಾಡಿ ನಿಂತಿದ್ದೀಯ? ಮರಕ್ಕೆ ಹತ್ತಿರವೋ, ಹಾದಿಗೋ?" ಎಂದು ಕೇಳಿ. ಉತ್ತರ ತಡವರಿಸಿದರೆ ವರ್ಣನೆಯ ಅಳತೆ ಭಾಗ ಇನ್ನೊಮ್ಮೆ ಹೇಳಿ.

ಯಾವ ವ್ಯತ್ಯಾಸ ಸರಿಪಡಿಸಬೇಕು, ಯಾವುದನ್ನು ಬಿಡಬಹುದು ಎಂಬ ಅನುಮಾನ ಬಂದಾಗ ಒಂದೇ ಪರೀಕ್ಷೆ: ಇದರಿಂದ ಯಾರಾದರೂ ದಾಳ ಹಾಕುವುದು ಬದಲಾಗುತ್ತದೆಯೇ, ಅಥವಾ ಬೇರೆ ದಾರಿ ಹಿಡಿಯುತ್ತಾರೆಯೇ? ಇಲ್ಲವಾದರೆ ಮುಟ್ಟಬೇಡಿ. ಪ್ರತಿ ಚಿಕ್ಕ ವಿಷಯವನ್ನೂ ತಿದ್ದುವ ಗೇಮ್ ಮಾಸ್ಟರ್‌ನ ಮುಂದೆ ಆಟಗಾರರು ಕಲ್ಪಿಸಿಕೊಳ್ಳುವುದನ್ನೇ ನಿಲ್ಲಿಸುತ್ತಾರೆ.

ಹಂತ 5: ದಾಳ ಕೈಗೆತ್ತಿಕೊಳ್ಳುವ ಮುಂಚೆ

ಏನು ಮಾಡುತ್ತೀರಿ ಎಂಬುದರ ಜೊತೆಗೆ ಏನಾಗಲಿ ಎಂದು ಮಾಡುತ್ತೀರಿ ಎಂಬುದನ್ನೂ ಕೇಳಿ.

"ಹಾರ್ತೀನಿ."
"ಎಲ್ಲಿಗೆ? ಆಚೆ ದಡಕ್ಕಾ, ಕೆಳಕ್ಕಾ?"
"ಕೆಳಕ್ಕೆ ಮಾರಾಯ. ಮೂರಡಿ ಅಲ್ವಾ?"
"ಹದಿನೈದು."
"ಅಯ್ಯೋ, ಹಾಗಾದ್ರೆ ಬೇಡ."

ಹತ್ತು ಸೆಕೆಂಡಿನ ಮಾತು. ಇದನ್ನು ಕೇಳದೆ ದಾಳ ಹಾಕಿಸಿದ್ದರೆ ಮುಂದಿನ ಕಾಲು ಗಂಟೆ "ನೀನು ಮೊದಲೇ ಹೇಳಬೇಕಿತ್ತು", "ಹೇಳಿದ್ದೆ" ಎಂಬುದರಲ್ಲೇ ಹೋಗುತ್ತಿತ್ತು.

ಅಳತೆ ಎಷ್ಟು ಮುಖ್ಯ ಎಂಬುದಕ್ಕೆ ನಿಯಮವನ್ನೇ ನೋಡಿ. ಓಡಿಬಂದು ಹಾರುವವನು ತನ್ನ ಬಲದ ಅಂಕ (ಪಾತ್ರಕ್ಕೆ ಎಷ್ಟು ಬಲವೆಂದು ತೋರಿಸುವ ಅಂಕಿ) ಎಷ್ಟೋ ಅಷ್ಟು ಅಡಿ ದಾಟುತ್ತಾನೆ, ಅದಕ್ಕೆ 10 ಅಡಿ ಓಟ ಬೇಕು. ನಿಂತಲ್ಲಿಂದ ಹಾರಿದರೆ ಅದರ ಅರ್ಧ. ಬಲ 12 ಇರುವ ಭಟ 12 ಅಡಿಯ ಕಡಂಗವನ್ನು ಓಡಿಬಂದರೆ ಕರಾರುವಾಕ್ಕಾಗಿ ದಾಟುತ್ತಾನೆ. ಕಡಂಗದ ಅಗಲ 15 ಅಡಿ ಎಂದು ನಿಮ್ಮ ತಲೆಯಲ್ಲಿದ್ದರೆ ಕೆಳಗೆ ಬೀಳುತ್ತಾನೆ. ಬಿದ್ದರೆ ಪ್ರತಿ 10 ಅಡಿಗೆ ಆರು ಮುಖದ ಒಂದು ದಾಳದಷ್ಟು ಪೆಟ್ಟು. ಮೂರು ಅಡಿಯ ವ್ಯತ್ಯಾಸದಲ್ಲಿ ಕಥೆಯೇ ತಿರುಗಿಹೋಯಿತು.

ಕೆಲವು ಗೇಮ್ ಮಾಸ್ಟರ್‌ಗಳು ಇಂಥ ಕಡೆ ಬೇಕೆಂದೇ ಸುಮ್ಮನಿರುತ್ತಾರೆ, "ಕೇಳಲಿಲ್ಲ, ಅನುಭವಿಸಲಿ" ಎಂದು. ಅದು ತಪ್ಪು. ಪಾತ್ರ ಅಂಚಿನಲ್ಲಿ ನಿಂತು ಕಣ್ಣಾರೆ ನೋಡುತ್ತಿದೆ, ಕಾಣದಿರುವುದು ಸೋಫಾದ ಮೇಲೆ ಕೂತ ಆಟಗಾರನಿಗೆ ಮಾತ್ರ. ಪಾತ್ರಕ್ಕೆ ಗೊತ್ತಿರಲೇಬೇಕಾದದ್ದನ್ನು ಹೇಳಿಬಿಡಿ. ಜರಿಗಿಡದ ಕೆಳಗೆ ಅಡಗಿದ ಮುಳ್ಳುಗೂಟ ಬೇಕಾದರೆ ಗುಟ್ಟಾಗಿರಲಿ.

ಹಂತ 6: ನಕ್ಷೆ ಯಾವಾಗ

"ಅದು ಎಲ್ಲಿದೆ ಅಂದಿರಿ?" ಎಂಬ ಪ್ರಶ್ನೆ ಎರಡನೇ ಸಲ ಬಂದರೆ ಪೆನ್ಸಿಲ್ ಎತ್ತಿಕೊಳ್ಳಿ. ಅಲ್ಲಿಯವರೆಗೆ ಬಾಯಿಮಾತು ಸಾಕು. ಒಂದು ಚೌಕ ಅಂದರೆ 5 ಅಡಿ.

ಕೊಡಗಿನ ನೆಲ ಹಾಳೆಯಂತೆ ಸಮವಾಗಿಲ್ಲ. ನಕ್ಷೆಯ ದೊಡ್ಡ ದೋಷ ಅದೇ. ಆಟಗಾರರು ನಿಂತ ಜಾಗವನ್ನು ಸೊನ್ನೆ ಎಂದಿಟ್ಟು ಗದ್ದೆಗೆ −20, ಮೇಲಿನ ಬಾಣೆಗೆ +30 ಎಂದು ಚೌಕದ ಮೂಲೆಯಲ್ಲಿ ಬರೆಯಿರಿ. ಬಾಣೆ ಎಂದರೆ ಗದ್ದೆಗೆ ಸೇರಿದ ಮೇಲ್ಗಡೆಯ ಹುಲ್ಲು ಮರಗಳ ಜಾಗ. ಇನ್ನೊಂದು ತೊಡಕು, ಬರೆಯದ್ದು ಇಲ್ಲವೇ ಇಲ್ಲ ಎಂದು ಆಟಗಾರರು ನಂಬಿಬಿಡುತ್ತಾರೆ. ಖಾಲಿ ಚೌಕಗಳಲ್ಲಿ "ಪೊದೆ", "ಕಲ್ಲು" ಎಂದಾದರೂ ಗೀಚಿಡಿ.

ಐನ್‌ಮನೆಯೊಳಗೆ ಸನ್ನಿವೇಶ ಬಂದರೆ ನಕ್ಷೆ ಬರೆಯಲೇಬೇಕು. ಓಣಿ ಎಲ್ಲಿ ಮುಗಿದು ಅಂಗಳ ಶುರುವಾಗುತ್ತದೆ, ಮೆಟ್ಟಿಲೆಷ್ಟು, ಜಗಲಿಯ ಕಂಬಗಳ ನಡುವೆ ಐಮರ (ಕೂರುವ ಅಗಲ ಹಲಗೆ) ಎಲ್ಲಿದೆ, ದೀಪ ತೂಗುವ ನೆಲ್ಲಕ್ಕಿ ನಡುಬಾಡೆಗೆ (ನಡುಮನೆಗೆ) ಬಾಗಿಲೆಷ್ಟು. ನಡುವೆ ಆಕಾಶಕ್ಕೆ ತೆರೆದ ಅಂಗಳವಿರುವ ಮನೆಗಳೂ ಉಂಟು, ಇಲ್ಲದವೂ ಉಂಟು. ಒಬ್ಬ ಆಟಗಾರ ಅದರ ಮೂಲಕ ಮಾಡು ಹತ್ತಿ ಪರಾರಿಯಾಗಲು ಹೊಂಚುತ್ತಿರುವಾಗ, ಹಾಗೊಂದು ಅಂಗಳವೇ ಇಲ್ಲ ಎನ್ನುವುದು ತಡವಾದ ಉತ್ತರ.

ಹಂತ 7: ಬರೆದಿಡುವುದು

ಬಾಯಲ್ಲಿ ಹೇಳಿ, ಉಳಿದವರು ಒಪ್ಪಿದ್ದು ಮಾತ್ರ ಆ ಲೋಕದಲ್ಲಿ ನಿಜ. ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಏನೇ ಇರಲಿ, ಹೇಳುವ ತನಕ ಅದು ಇಲ್ಲ. ಒಬ್ಬ ಆಟಗಾರನಿಗೆ ಕಾರ್ಡ್ ಕೊಟ್ಟು ಹೆಸರು, ಸಂಬಂಧ, ಅಳತೆ, ಕೊಟ್ಟ ಮಾತು ಇಷ್ಟನ್ನು ಬರೆಸಿ. ಮುಂದಿನ ಕೂಟದ ಶುರುವಿನಲ್ಲಿ ಹಿಂದಿನ ಕಥೆಯನ್ನು ನೀವು ಹೇಳಬೇಡಿ, ಪ್ರತಿ ಸಲ ಬೇರೆ ಬೇರೆ ಆಟಗಾರರಿಂದ ಹೇಳಿಸಿ. ಯಾರು ಏನನ್ನು ಹೇಗೆ ಅಂದುಕೊಂಡಿದ್ದಾರೆ ಎಂಬುದು ಅಲ್ಲೇ ಹೊರಬೀಳುತ್ತದೆ.

ಹಂತ 8: ಇಷ್ಟಾದರೂ ಎಡವಟ್ಟಾದರೆ

ಆಗುತ್ತದೆ. ದಾಳ ಬಿದ್ದಿಲ್ಲದಿದ್ದರೆ ಆ ಒಂದು ನಿರ್ಧಾರದಷ್ಟು ಹಿಂದಕ್ಕೆ ಹೋಗಿ, ಅದಕ್ಕಿಂತ ಹಿಂದೆ ಬೇಡ. ದಾಳ ಬಿದ್ದಾಗಿದ್ದರೆ ಆಟಗಾರ ಅಂದುಕೊಂಡಿದ್ದಕ್ಕೆ ಹತ್ತಿರವಾಗಿ ತೀರ್ಪು ಕೊಡಿ; ಸ್ಪಷ್ಟವಾಗಿ ಹೇಳುವ ಹೊಣೆ ನಿಮ್ಮದಾಗಿತ್ತು. ಬೇರೆ ಆಟಗಾರನಿಗೆ ಅದರಿಂದ ನಷ್ಟವಾಗುವುದಾದರೆ ಮಂಜಿನ ಮೇಲೆ ಹೊರಿಸಿ: "ಮಂಜಿನಲ್ಲಿ ಮೂವರಂತೆ ಕಂಡಿತ್ತು, ಈಗ ನೋಡಿದರೆ ಐವರು." ತಿಂಗಳಿಗೊಮ್ಮೆ ನಡೆಯುತ್ತದೆ, ಪ್ರತಿ ವಾರ ಮಾಡಿದರೆ ಯಾರೂ ನಂಬುವುದಿಲ್ಲ. ವಾದ ಎರಡು ನಿಮಿಷ ದಾಟಿದರೆ ತೀರ್ಪು ಹೇಳಿ ಮುಂದಕ್ಕೆ ಹೋಗಿ, ಉಳಿದದ್ದು ಕಾಫಿ ಹೊತ್ತಿಗೆ.

ಚಿತ್ರವೇ ಕಾಣದವರು

ಕೆಲವರಿಗೆ ಮನಸ್ಸಿನಲ್ಲಿ ಚಿತ್ರ ಮೂಡುವುದೇ ಇಲ್ಲ. ಇದಕ್ಕೆ ಅಫ್ಯಾಂಟೇಸಿಯಾ ಎಂಬ ಹೆಸರು ಬಂದದ್ದು 2015ರಲ್ಲಿ, ಕಾಯಿಲೆ ಏನಲ್ಲ. ಇಂಥವರೂ ಒಳ್ಳೆಯ ಆಟಗಾರರಾಗಬಲ್ಲರು. ಅವರಿಗೆ "ಕಣ್ಣು ಮುಚ್ಚಿ ಊಹಿಸಿಕೊಳ್ಳಿ" ಎನ್ನಬೇಡಿ, "ಏನು ಕಾಣುತ್ತಿದೆ" ಎಂಬುದರ ಬದಲು "ಎಲ್ಲಿದ್ದೀರಿ, ಹತ್ತಿರ ಏನಿದೆ" ಎಂದು ಕೇಳಿ. ನಕ್ಷೆಯನ್ನು ಸ್ವಲ್ಪ ಬೇಗನೆ ತೆಗೆಯಿರಿ.

ಫೋನಿನಲ್ಲಿ ಆಡುವಾಗ

ಮಳೆಗಾಲದಲ್ಲಿ ಕರೆಂಟು ಹೋಗಿ, ಸ್ವಲ್ಪ ಹೊತ್ತಿಗೆ ಟವರ್ ಕೂಡ ಹೋಗುವುದು ಇಲ್ಲಿ ಮಾಮೂಲು. ವಿಡಿಯೋ ನಂಬಿಕೊಂಡು ಕೂರಬೇಡಿ. ಕೂಟಕ್ಕೆ ಮೊದಲೇ ನಕ್ಷೆಯ ಫೋಟೋ ಎಲ್ಲರಿಗೂ ಕಳಿಸಿ, ಚೌಕದ ಸಾಲುಗಳಿಗೆ ಅಡ್ಡಕ್ಕೆ 1, 2, 3, ಉದ್ದಕ್ಕೆ ಅ, ಆ, ಇ ಎಂದು ಹಾಕಿರಿ. "ಇ-4ಕ್ಕೆ ಹೋಗ್ತೀನಿ" ಅಂದರೆ ಧ್ವನಿ ಅರ್ಧ ಕೇಳಿಸಿದರೂ ಸಾಕು. ಯಾರಾದರೂ ಲೈನಿನಿಂದ ಬಿದ್ದರೆ ಅವರ ಪಾತ್ರ ನಿಂತಲ್ಲೇ ನಿಲ್ಲುತ್ತದೆ, ಅದಕ್ಕೆ ಪೆಟ್ಟು ಬೀಳುವುದಿಲ್ಲ ಎಂದು ಮೊದಲ ಕೂಟದಲ್ಲೇ ಒಪ್ಪಿಕೊಂಡಿರಿ. ಮತ್ತೆ ಸೇರಿಕೊಂಡವರಿಗೆ ಕಥೆ ಪೂರ್ತಿ ಹೇಳುತ್ತ ಕೂರಬೇಡಿ: ಯಾವ ಚೌಕ, ಎಷ್ಟು ಬೆಳಕು, ಎದುರಿಗೆ ಎಷ್ಟು ಜನ, ಇಷ್ಟು ಹೇಳಿ ಅವರ ಸರದಿ ಕೊಡಿ.